ಹನ್ನೊಂದು ಸಾವಿರ ತಿರುಪುಮೊಳೆ

ಕಚೇರಿಯಲ್ಲಿ ಅವನನ್ನು ಎಲ್ಲರೂ ಮೊಳೆಯಣ್ಣ ಅನ್ನುತ್ತಿದ್ದರು. ಹೆಸರಿಟ್ಟವರು ಯಾರೋ ಏನೋ, ಇಟ್ಟ ಹೆಸರು ಮಾತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಅವನಿಗೆ ಸರಿಯಾಗಿ ಕೂತುಬಿಟ್ಟಿತ್ತು.

ಅದೊಂದು ಕಟ್ಟಡ ವಿನ್ಯಾಸದ ಕಚೇರಿ. ಕೆಳಗೆ ಟೈರು ಅಂಗಡಿ, ನಡುವೆ ಒಬ್ಬ ಹಲ್ಲಿನ ಡಾಕ್ಟರು, ಮೂರನೆಯ ಮಹಡಿಯಲ್ಲಿ ಇವರ ನಲವತ್ತು ಮೇಜು, ನಲವತ್ತು ಕಂಪ್ಯೂಟರು. ಮುಂದೆ ಎಲ್ಲೋ ಏಳಬೇಕಾದ ಕಟ್ಟಡವನ್ನು ಮೊದಲು ಕಂಪ್ಯೂಟರಿನೊಳಗೆ ಇಡಿಯಾಗಿ, ಗೋಡೆ, ಕಂಬ, ಕಿಟಕಿ, ಕೊಳಾಯಿಗಳ ಸಮೇತ ಕಟ್ಟಿ ನೋಡುವುದು ಅಲ್ಲಿನ ಕೆಲಸ. ಆ ಒಳಗಿನ ಕಟ್ಟಡಕ್ಕೆ ಮಾಡೆಲ್ ಎನ್ನುತ್ತಿದ್ದರು. ಮೊಳೆಯಣ್ಣ ಇಪ್ಪತ್ತಾರು ವರ್ಷದ ಹಳಬ. ಓರೆ ಹಲಗೆಯ ಮುಂದೆ ನಿಂತು ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಸೇರಿದವನು, ಕಂಪ್ಯೂಟರು ಬಂದ ಮೇಲೆ ಬಾಗಿಲು ಕಿಟಕಿಗಳ ಉಸ್ತುವಾರಿ ಹೊತ್ತುಕೊಂಡಿದ್ದ.

ಉಳಿದವರಿಗೆ ಬಾಗಿಲು ಎಂದರೆ ಗೋಡೆಯ ಕಂಡಿಗೆ ನಿಲ್ಲಿಸಿದ ಒಂದು ಹಲಗೆ. ಮೊಳೆಯಣ್ಣನ ಬಾಗಿಲು ಹಾಗಲ್ಲ. ಅದಕ್ಕೆ ಚೌಕಟ್ಟು, ಹಿಡಿ, ಬೀಗ, ಮೂರು ಕೀಲು. ಒಂದೊಂದು ಕೀಲಿಗೂ ಆರಾರು ತಿರುಪುಮೊಳೆ. ಮೊಳೆಯ ತಲೆಯ ಮೇಲೆ ಸ್ಕ್ರೂಡ್ರೈವರ್ ಕೂರುವ, ಕೂಡುವ ಚಿಹ್ನೆಯಂಥ ಗೀರು. ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡಿದರೆ ಆ ಗೀರಿನ ಆಳ ಕೂಡ ಕಾಣುತ್ತಿತ್ತು. ಹೊಸಬರು ಬಂದಾಗ ಅವನು ಅದನ್ನು ತೋರಿಸಿ, ಅವರ ಮುಖ ನೋಡುತ್ತ ನಿಲ್ಲುತ್ತಿದ್ದ. "ಅಬ್ಬಾ!" ಎಂದು ಅವರ ಬಾಯಿಂದ ಬರುವತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಆ ವರ್ಷ ಕಚೇರಿಗೆ ಆರು ಮಹಡಿಯ ಆಸ್ಪತ್ರೆಯ ಕೆಲಸ ಬಂದಿತ್ತು. ಆರುನೂರ ಹನ್ನೆರಡು ಬಾಗಿಲು. ಮೊಳೆಯಣ್ಣ ನಲವತ್ತು ದಿನ ತಲೆ ಎತ್ತದೆ ಕೂತು ಮೂವತ್ತೇಳು ಬಗೆಯ ಬಾಗಿಲು ತಯಾರಿಸಿದ. ಒಟ್ಟು ತಿರುಪುಮೊಳೆಗಳು ಹನ್ನೊಂದು ಸಾವಿರದ ಹದಿನಾರು. ಲೆಕ್ಕ ಅವನಿಗೆ ಬಾಯಿಪಾಠ.

ಆದರೆ ಮಾಡೆಲ್ಲಿನ ಫೈಲು ಊದಿಕೊಳ್ಳತೊಡಗಿತು. ತಪ್ಪೆಲ್ಲ ಅವನದಲ್ಲ. ಕಂಬ ತೊಲೆಗಳ ಕೆಲಸ ನೋಡುವ ಕಂಬದವರು ತಮ್ಮ ಹಳೆಯ ನಕ್ಷೆಗಳನ್ನು ತಂದು ಒಳಗೆ ಸುರಿದು, ಮರೆಮಾಡಿ ಮರೆತಿದ್ದರು. ಕೊಳಾಯಿಯವರು ಬೇಕೋ ಬೇಡವೋ ಎಂದು ಕಟ್ಟಡವನ್ನು ಬೇರೆ ಬೇರೆ ಕಡೆಯಿಂದ ತೋರಿಸುವ ನೂರಾರು ನೋಟಗಳನ್ನು ಉಳಿಸಿಟ್ಟಿದ್ದರು. ಅಂತೂ ಫೈಲು ಒಂದೂವರೆ ಜಿಬಿ ದಾಟಿತು. ತೆರೆಯಲು ಇಪ್ಪತ್ತೆರಡು ನಿಮಿಷ. ಉಳಿಸಲು ಒತ್ತಿದರೆ ಪರದೆ ಬೆಳ್ಳಗಾಗಿ, ಕಂಪ್ಯೂಟರಿನ ಫ್ಯಾನು ದಿಬ್ಬ ಹತ್ತಲಾರದ ಗಾಡಿಯಂತೆ ಏದುಸಿರು ಬಿಡುತ್ತಿತ್ತು. ವಾರಕ್ಕೆರಡು ಸಲ ಯಾರದೋ ಅರ್ಧ ದಿನದ ಕೆಲಸ ಮಾಯವಾಗಿ, ಆ ಮೇಜಿನಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ಕಚೇರಿಯ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದ ಹಿರಿಯ ವಾಸ್ತುಶಿಲ್ಪಿ, ಒಂದು ದಿನ ಹಣೆ ಒತ್ತಿಕೊಂಡು ಹೇಳಿದರು: "ಹೀಗೇ ಆದ್ರೆ ಆಸ್ಪತ್ರೆ ಕಟ್ಟೋ ಹೊತ್ತಿಗೆ ನಾವೇ ಅಲ್ಲಿ ಸೇರ್ಕೋಬೇಕಾಗುತ್ತೆ."

ಕಥೆಗೆ ತಿರುವು ಸಿಕ್ಕಿದ್ದು ಕಚೇರಿಯಲ್ಲಲ್ಲ, ಮಾವನ ಮನೆಯ ಊಟದ ಮೇಜಿನಲ್ಲಿ.

ಮಾವ ನಿವೃತ್ತ ಬೆರಳಚ್ಚು ಮೇಷ್ಟ್ರು. ಜನ್ಮವಿಡೀ ಗಡಿಯಾರ ಹಿಡಿದು, ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸಿದ ಮನುಷ್ಯ. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಹಿರಿಯಳಿಯ ಮೊಳೆಯಣ್ಣ. ಕಿರಿಯಳಿಯ, ಅಂದರೆ ಮೊಳೆಯಣ್ಣನ ಷಡ್ಡಕ, ಒಂಬತ್ತು ವರ್ಷ ಚಿಕ್ಕವನು, ಸಣಕಲ, ಮಿತಭಾಷಿ. ಅವನೂ ಮಾಡೆಲ್ಲಿನ ಕೆಲಸದವನೇ, ಬೇರೆ ಕಚೇರಿಯಲ್ಲಿದ್ದ. ಆ ಕಚೇರಿ ಮುಚ್ಚಿ ಎರಡು ತಿಂಗಳಾಗಿತ್ತು. ಕೆಲಸ ಹೋದ ಮೇಲಾದರೂ ಅವನ ಮುಖ ಸ್ವಲ್ಪ ಬಾಡಬಹುದು ಎಂದು ಮೊಳೆಯಣ್ಣ ಕಾದಿದ್ದ. ಬಾಡಲಿಲ್ಲ. ಅದೇ ಇಸ್ತ್ರಿ ಅಂಗಿ, ಅದೇ ಸಣ್ಣ ನಗೆ.

"ಚಿಕ್ಕಳಿಯಂದ್ರು ಮೊನ್ನೆ ನನ್ನ ಹಳೇ ಕಂಪ್ಯೂಟರ್ ಸರಿ ಮಾಡಿಕೊಟ್ರು," ಎಂದರು ಮಾವ, ತಟ್ಟೆಯಿಂದ ತಲೆ ಎತ್ತಿ. "ಆರು ನಿಮಿಷ ತಗೊಳ್ತಿತ್ತು ಶುರುವಾಗೋಕೆ. ಈಗ ನಲವತ್ತು ಸೆಕೆಂಡು. ಗಡಿಯಾರ ಹಿಡ್ಕೊಂಡೇ ನೋಡಿದೀನಿ!"

ಮೊಳೆಯಣ್ಣ ನೀರು ಕುಡಿದ.

"ನಿಮ್ಮ ಆಸ್ಪತ್ರೆ ಫೈಲು ಎಷ್ಟು ಹೊತ್ತು ತಗೊಳ್ಳುತ್ತಪ್ಪ?"

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿಬಿಟ್ಟಳು. "ಇಪ್ಪತ್ತೆರಡು ನಿಮಿಷ ಅಂತೆ ಅಪ್ಪ. ಇವರು ಅಷ್ಟರಲ್ಲಿ ಮೆಟ್ಟಿಲು ಇಳಿದು, ಚಹಾ ಕುಡಿದು, ಟೈರು ಅಂಗಡಿಯವನ ಸುಖದುಃಖ ವಿಚಾರಿಸ್ಕೊಂಡು ಬರ್ತಾರಂತೆ."

ಎಲ್ಲರೂ ನಕ್ಕರು. ನಾದಿನಿಯಂತೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಷಡ್ಡಕ ನಗಲಿಲ್ಲ. ಮೆಲ್ಲಗೆ, "ಅದನ್ನ ಸಣ್ಣ ಮಾಡಬಹುದು ಅಣ್ಣ," ಎಂದ.

"ಅದೇನು ಸೌತೆಕಾಯಿನಾ, ಹೆಚ್ಚಿ ಸಣ್ಣ ಮಾಡೋಕೆ?" ಎಂದ ಮೊಳೆಯಣ್ಣ. ಮತ್ತೆ ನಗು ಎದ್ದಿತು, ಆದರೆ ಮೊದಲಿನಷ್ಟು ಅಲ್ಲ. ಅದನ್ನೂ ಅವನು ಲೆಕ್ಕ ಇಟ್ಟ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ 'ಸಣ್ಣ ಮಾಡಬಹುದು ಅಣ್ಣ' ಎಂಬ ಮಾತು ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡಿತು. ಬಂದು ನೋಡಲಿ, ಎಂದುಕೊಂಡ. ನನ್ನ ಮಾಡೆಲ್ಲು ಎಂಥದು ಎಂದು ಒಂದು ಸಲ ಒಳಗಿಳಿದು ನೋಡಲಿ. ದಿಕ್ಕು ತಪ್ಪಿ ಕೂತರೆ ಆಗ ಮಾವನವರು ಗಡಿಯಾರ ಹಿಡಿಯಲಿ. ಮರುದಿನ ತಾನೇ ಹೋಗಿ ಮೇಡಂ ಮುಂದೆ ಷಡ್ಡಕನ ಹೆಸರು ಹೇಳಿದ. "ಎಷ್ಟು ದೊಡ್ಡ ಮನಸ್ಸು ನಿಮ್ಮದು," ಎಂದರು ಮೇಡಂ. ಅದನ್ನು ಕೇಳಿ ಅವನಿಗೆ ಒಳಗೊಳಗೇ ಸ್ವಲ್ಪ ನಾಚಿಕೆಯಾದದ್ದು ನಿಜ.

ಷಡ್ಡಕ ಬಂದ. ಅವನಿಗೆ ಕಿಟಕಿಯ ಪಕ್ಕದ ಮೇಜು ಸಿಕ್ಕಿತು, ಮೊಳೆಯಣ್ಣ ಇಪ್ಪತ್ತಾರು ವರ್ಷ ಕೇಳದೆಯೇ ಬಯಸುತ್ತ ಬಂದ ಮೇಜು. ಮೊದಲ ದಿನ ಆಸಾಮಿ ಫೈಲಿನ ಒಂದು ಪ್ರತಿ ಮಾಡಿ ಭದ್ರವಾಗಿ ಎತ್ತಿಟ್ಟ. ಎರಡನೆಯ ದಿನ ಯಾರೂ ಬಳಸದೆ ಒಳಗೆ ಬಿದ್ದಿದ್ದ ಸಾಮಾನುಗಳನ್ನು ಗುಡಿಸಿದ: ಎಲ್ಲೂ ನಿಲ್ಲಿಸದ ಕುರ್ಚಿಗಳು, ಯಾವ ಗೋಡೆಗೂ ಹಚ್ಚದ ಬಣ್ಣಗಳು. ಮೂರನೆಯ ದಿನ ಕಂಬದವರು ಸುರಿದು ಮರೆತ ನಕ್ಷೆಗಳನ್ನು ಹೊರಗೆ ಹಾಕಿದ. ಆಮೇಲೆ ಬೇಡದ ನೋಟಗಳು. ಆಮೇಲೆ ಇಡೀ ಆಸ್ಪತ್ರೆಯನ್ನು ಮೂರು ಭಾಗ ಮಾಡಿ, ಕೊಳಾಯಿಯವರು ತಮ್ಮದನ್ನು, ಗೋಡೆಯವರು ತಮ್ಮದನ್ನು ಬೇರೆ ಬೇರೆ ತೆರೆದು, ಬೇಕಾದಾಗ ಮಾತ್ರ ಜೋಡಿಸಿಕೊಳ್ಳುವಂತೆ ಮಾಡಿದ. ಪ್ರತಿ ಸಂಜೆ ಎದ್ದು ಹೋಗುವಾಗ ಬಿಳಿ ಹಲಗೆಯ ಮೂಲೆಯಲ್ಲಿ ಫೈಲು ಎಷ್ಟು ಎಂಬಿಗೆ ಇಳಿಯಿತೆಂಬ ಸಂಖ್ಯೆ ಬರೆದಿಡುತ್ತಿದ್ದ, ಅಷ್ಟೇ. ಸಾವಿರದ ನೂರು. ಎಂಟುನೂರ ಎಂಬತ್ತು. ಆರುನೂರ ನಲವತ್ತು. ಮಾತಿಲ್ಲ ಕತೆಯಿಲ್ಲ.

ಜಂಬ ಕೊಚ್ಚಿದ್ದರೆ ಮೊಳೆಯಣ್ಣನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಜಂಬದವನನ್ನು ಬೈಯಬಹುದು. ಇವನನ್ನು ಏನೆಂದು ಬೈಯುವುದು? ಬೆಳಗ್ಗೆ ಬಂದೊಡನೆ "ಚೆನ್ನಾಗಿದೀರಾ ಅಣ್ಣ" ಎನ್ನುವನು. ನೀರಿನ ಬಾಟಲಿ ತುಂಬಿಸಲು ಎದ್ದರೆ ಇವನದನ್ನೂ ಕೇಳಿ ಒಯ್ಯುವನು. ಅವನ ಬೆನ್ನು, ಅವನ ಕಾಲರು, ಕಿವಿಯ ಹಿಂದಿನ ನೀಟಾದ ಕ್ಷೌರ, ಎಲ್ಲವೂ ಮೊಳೆಯಣ್ಣನ ಕಣ್ಣಿಗೆ ಚುಚ್ಚತೊಡಗಿದವು. ಅವನ ಮೇಜಿನ ಸುತ್ತ ಯಾರಾದರೂ ನಿಂತು ನಕ್ಕರೆ ಇಲ್ಲಿ ಇವನ ಕಿವಿ ನೆಟ್ಟಗಾಗುತ್ತಿತ್ತು. ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಫೈಲು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಕದ್ದು ಅಳೆಯುತ್ತಿದ್ದ. ಒಂಬತ್ತು ನಿಮಿಷ. ಆರು. ನಾಲ್ಕೂವರೆ. ಪ್ರತಿ ನಿಮಿಷ ಕಡಿಮೆಯಾದಾಗಲೂ ಗಡಿಯಾರವನ್ನು ಕಿವಿಗೆ ಹಿಡಿದು, ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುತ್ತಿದ್ದ.

ಮನೆಗೆ ಬಂದರೆ ಹೆಂಡತಿ. "ತಂಗಿ ಫೋನ್ ಮಾಡಿದ್ಲು. ತನ್ನ ಗಂಡನ ಕೆಲಸ ಅಲ್ಲಿ ಹೇಗೆ ನಡೀತಿದೆ ಅಂತ ಕೇಳಿದ್ಲು. ಅವರು ಮನೇಲಿ ಒಂದೂ ಹೇಳಲ್ವಂತೆ."

"ಹೇಳೋಕೇನಿರುತ್ತೆ? ಕಸ ಗುಡಿಸೋ ಕೆಲಸ."

ಅವಳು ಅವನ ಮುಖವನ್ನೇ ನೋಡಿದಳು.

ಎರಡನೆಯ ವಾರ ಷಡ್ಡಕ ಬಾಗಿಲುಗಳ ಬಳಿ ಬಂದ. ಕುರ್ಚಿ ಎಳೆದುಕೊಂಡು ಇವನ ಪಕ್ಕ ಕೂತು, ಮೊದಲು ಬಹಳ ಹೊತ್ತು ಒಂದೇ ಒಂದು ಕೀಲನ್ನು ಹಿಗ್ಗಿಸಿ ನೋಡಿದ. "ಇಂಥ ಕೆಲಸ ನಾನೆಲ್ಲೂ ನೋಡಿಲ್ಲ ಅಣ್ಣ," ಎಂದ. ಆಮೇಲೆ, "ಆದ್ರೆ ಕಂಪ್ಯೂಟರು ಪ್ರತಿ ಸಲ ಹನ್ನೊಂದು ಸಾವಿರ ಮೊಳೆ ಎಣಿಸ್ಕೊಂಡೇ ಮುಂದಕ್ಕೆ ಹೋಗ್ಬೇಕು. ಇವನ್ನ ತೆಗೀಲಾ? ನೀವು ಬೇಡ ಅಂದ್ರೆ ಬಿಡ್ತೀನಿ."

ಬೇಡ ಅನ್ನಬಹುದಿತ್ತು. ಅಂದರೆ ಕಚೇರಿಯೆಲ್ಲ ಮೊಳೆಯಣ್ಣನೇ ಅಡ್ಡಗಾಲು ಹಾಕಿದ ಎನ್ನುತ್ತಿತ್ತು. "ನಿನಗೆ ಸರಿ ಕಂಡ ಹಾಗೆ ಮಾಡಪ್ಪ," ಎಂದ. ನಲವತ್ತು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಯಿತು. ಅಂದು ಸಂಜೆ ಹಲಗೆಯ ಮೇಲಿನ ಸಂಖ್ಯೆ ಮುನ್ನೂರ ಹತ್ತು.

ಇನ್ನೊಂದೇ ಹೆಜ್ಜೆ ಉಳಿದಿತ್ತು. ಮೂವತ್ತೇಳು ಬಗೆಯ ಬಾಗಿಲುಗಳಲ್ಲಿ ಎಷ್ಟೋ ಒಂದೇ ಅಳತೆಯವು. ಒಂದೇ ಥರದವನ್ನು ಕೂಡಿಸಿ ಹದಿನಾಲ್ಕಕ್ಕೆ ಇಳಿಸುವುದೆಂದು ಷಡ್ಡಕ ಪಟ್ಟಿ ಮಾಡಿ, ಕಾಗದದಲ್ಲಿ ಅಚ್ಚು ಹಾಕಿಸಿ ತಂದ. "ನಿಮ್ಮ ಬಾಗಿಲುಗಳು ನಿಮಗೇ ಗೊತ್ತು ಅಣ್ಣ. ಯಾವುದನ್ನ ಮುಟ್ಟಬಾರದು ಅಂತ ಒಂದು ಸಲ ನೋಡಿಕೊಡಿ. ಸರಿ ಇದ್ರೆ ಕೆಳಗೆ ಒಂದು ಗುರುತು ಹಾಕಿ, ಸಾಕು."

ಮೊಳೆಯಣ್ಣ ಪೆನ್ಸಿಲು ಹಿಡಿದು ಒಂದೊಂದೇ ಸಾಲು ಇಳಿಯುತ್ತ ಬಂದ. ಇಪ್ಪತ್ಮೂರನೆಯ ಸಾಲಿಗೆ ಕೈ ನಿಂತಿತು. ಮರದ ಬಾಗಿಲು, ಸಾವಿರದ ಇನ್ನೂರು ಮಿಲಿಮೀಟರ್ ಅಗಲ, ಎರಡು ಸಾವಿರದ ನೂರು ಎತ್ತರ. ಕೊನೆಯಲ್ಲಿ 'ಸೀ' ಎಂಬ ಒಂದೇ ಅಕ್ಷರ. ಸೀ ಎಂದರೆ ಸೀಸ. ಎಕ್ಸ್‌ರೇ ಕೋಣೆಗಳ ಐದು ಬಾಗಿಲುಗಳು ಅವು. ನೋಡಲು ಬೇರೆಯವುಗಳ ಹಾಗೇ, ಆದರೆ ಹಲಗೆಯ ಹೊಟ್ಟೆಯಲ್ಲಿ ಸೀಸದ ಹಾಳೆ ಇರಬೇಕು. ಕಿರಣ ಹೊರಗೆ ದಾಟದಂತೆ ತಡೆಯುವುದು ಅದೇ. ಆ ಒಂದಕ್ಷರದ ಗುರುತು ಮೊಳೆಯಣ್ಣ ತನ್ನ ಅನುಕೂಲಕ್ಕೆ ಇಟ್ಟುಕೊಂಡದ್ದು. ಲೋಕದಲ್ಲಿ ಇನ್ನೊಬ್ಬರಿಗೆ ಅದು ಗೊತ್ತಿರುವ ಸಂಭವವೇ ಇರಲಿಲ್ಲ. ಷಡ್ಡಕನ ಪಟ್ಟಿಯಲ್ಲಿ ಇಪ್ಪತ್ಮೂರನೆಯದು ಸಾದಾ ಬಾಗಿಲಿನೊಳಗೆ ಕರಗಿಹೋಗಿತ್ತು.

ಹೇಳಲೆಂದು ತಲೆ ಎತ್ತಿದ. ಅದೇ ಹೊತ್ತಿಗೆ ಮೇಡಂ ಆ ಕಡೆ ಹಾದುಹೋಗುತ್ತ ಷಡ್ಡಕನ ಹೆಗಲು ತಟ್ಟಿದರು. "ಈ ಕೈಗುಣ ನಮಗೆ ಇಷ್ಟು ದಿನ ಎಲ್ಲಿ ಹೋಗಿತ್ತೋ!" ಎಂದು, ಇವನ ಕಡೆ ತಿರುಗಿ, "ಸ್ವಲ್ಪ ಕಲ್ತುಕೊಳ್ಳಿ ಸಾರ್, ಇವರ ಹತ್ರ," ಎಂದರು. ತಮಾಷೆಗೇ ಅಂದದ್ದು. ಇಡೀ ಸಾಲು ನಕ್ಕಿತು.

ಮೊಳೆಯಣ್ಣ ತಲೆ ತಗ್ಗಿಸಿದ. ಪೆನ್ಸಿಲು ಇಪ್ಪತ್ನಾಲ್ಕಕ್ಕೆ ಇಳಿಯಿತು, ಇಪ್ಪತ್ತೈದಕ್ಕೆ ಇಳಿಯಿತು. ಕೊನೆಯಲ್ಲಿ ಗುರುತು ಹಾಕಿ ಕಾಗದ ಹಿಂದಕ್ಕೆ ಕೊಟ್ಟ. "ಎಲ್ಲಾ ಸರಿಯಿದೆ."

ಮರುದಿನ ಹಲಗೆಯ ಮೇಲೆ ಇನ್ನೂರ ಹನ್ನೆರಡು ಎಂದಿತ್ತು. ಎಲ್ಲರೂ ಒಂದೆಡೆ ಸೇರಿ, ಮೇಡಂ ಕೈಯಾರೆ ಫೈಲು ತೆರೆದರು. ಒಂದು ನಿಮಿಷ ನಲವತ್ತು ಸೆಕೆಂಡು. ಕಂಬದವರು ಚಪ್ಪಾಳೆ ಶುರು ಮಾಡಿದರು. ಮೊಳೆಯಣ್ಣನೂ ತಟ್ಟಿದ, ಎಲ್ಲರಿಗಿಂತ ಜೋರಾಗಿ.

ಆಮೇಲಿನ ಆರು ವಾರ ಅವನು ಬದುಕಿದ ರೀತಿ ಅವನಿಗೇ ಗೊತ್ತು. ಇನ್ನೂ ಎಷ್ಟೋ ಕಣ್ಣುಗಳು ನೋಡುತ್ತವೆ, ಯಾರಾದರೂ ಹಿಡಿಯುತ್ತಾರೆ, ಆಗ ಷಡ್ಡಕನ ಮುಖ ಒಮ್ಮೆ ಸಣ್ಣಗಾದರೆ ಸಾಕು, ಎಂದು ಮೊದಮೊದಲು ಸಮಾಧಾನ ಹೇಳಿಕೊಂಡ. ಯಾರೂ ಹಿಡಿಯಲಿಲ್ಲ. ಕಂಬದವರು ನೋಡಿದರು, ಕಂಬ ಮಾತ್ರ ನೋಡಿದರು. ಆಗಲೇ ಗೋಡೆ ಏಳುತ್ತಿದ್ದ ಕಟ್ಟಡಕ್ಕಾಗಿ ಬಾಗಿಲುಗಳ ಪಟ್ಟಿ ಬಾಗಿಲು ಕಾರ್ಖಾನೆಗೆ ಹೋಯಿತು. ಹೇಳಿಬಿಡೋಣ ಎಂದು ದಿನಕ್ಕೆ ನಾಲ್ಕು ಸಲ ಎದ್ದು ನಿಲ್ಲುವನು. ಎದ್ದಾಗಲೆಲ್ಲ ಕಿಟಕಿಯ ಬಳಿಯ ಆ ನೀಟಾದ ಕಾಲರು ಕಣ್ಣಿಗೆ ಬೀಳುವುದು. ಮತ್ತೆ ಕೂರುವನು.

ಕೊನೆಗೆ ಹಿಡಿದವನು ಕಾರ್ಖಾನೆಯ ಹಿರಿಯ ಬಡಗಿ. ಫೋನ್ ಮಾಡಿ, "ಅಮ್ಮಾ, ಇಷ್ಟು ದೊಡ್ಡ ಆಸ್ಪತ್ರೆ ಅಂತೀರಿ, ಒಂದೂ ಸೀಸದ ಬಾಗಿಲಿಲ್ವಲ್ಲ, ಮೂಳೆ ಮುರಿದವರನ್ನ ಕಣ್ಣಳತೇಲಿ ನೋಡ್ತೀರಾ?" ಎಂದು ಕೇಳಿದನಂತೆ. ಅಷ್ಟರಲ್ಲಿ ಆ ಐದು ಕೋಣೆಗಳಿಗೆ ಸಾದಾ ಚೌಕಟ್ಟುಗಳನ್ನು ಗೋಡೆಗೆ ಕೂರಿಸಿಯಾಗಿತ್ತು. ಎಲ್ಲ ಕಿತ್ತು ಮತ್ತೆ ಕೂರಿಸಬೇಕು. ಮೂರು ವಾರ ಹಿಂದೆ ಬೀಳುವ ಕೆಲಸ.

ಮೇಡಂ ಎಲ್ಲರನ್ನೂ ಕರೆದರು. ದನಿ ಏರಿಸಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಇದು ಹೇಗಾಯ್ತು?"

"ನಂದೇ ತಪ್ಪು ಮೇಡಂ," ಎಂದ ಷಡ್ಡಕ. "ಕೂಡಿಸಿದ್ದು ನಾನು. ಆ ಅಕ್ಷರ ಏನು ಅಂತ ನಾನು ಬಿಡಿಸಿ ಕೇಳಬೇಕಿತ್ತು."

"ಯಾರಿಗೂ ತೋರಿಸಲಿಲ್ವಾ?"

ಗುರುತು ಹಾಕಿದ ಕಾಗದ ಅವನ ಖಾನೆಯಲ್ಲಿತ್ತು. ಮೊಳೆಯಣ್ಣನಿಗೆ ಗೊತ್ತು, ತಾನೇ ಕಂಡಿದ್ದ. ಷಡ್ಡಕ "ನಂದೇ ತಪ್ಪು," ಎಂದು ಮತ್ತೆ ಅಷ್ಟನ್ನೇ ಹೇಳಿದ. ಇವನ ಕಡೆ ತಿರುಗಿಯೂ ನೋಡಲಿಲ್ಲ.

ಬಯಸಿದ್ದೆಲ್ಲ ಕೈಗೆ ಬಂದಿತ್ತು. ಎಲ್ಲರೆದುರು ಅವನ ತಲೆ ತಗ್ಗಿತ್ತು, ಮೇಡಂ ಮುಖ ಗಂಟಿಕ್ಕಿತ್ತು. ಆದರೆ ಮೊಳೆಯಣ್ಣನ ಎದೆಯಲ್ಲಿ ತಂಪು ಇಳಿಯುವ ಬದಲು ಉರಿ ಇಮ್ಮಡಿಯಾಯಿತು. ನನ್ನನ್ನು ಉಳಿಸಿದನಲ್ಲ! ಕೆಲಸದಲ್ಲಿ ಮೀರಿಸಿದ, ಮಾವನ ಮನೆಯಲ್ಲಿ ಮೀರಿಸಿದ, ಈಗ ಒಳ್ಳೆಯತನದಲ್ಲೂ ಮೀರಿಸಿಬಿಟ್ಟ. ಇನ್ನು ಜನ್ಮವಿಡೀ ಇವನ ಋಣದಲ್ಲಿ, ಇವನ ಆ ಸಣ್ಣ ನಗೆಯ ಕೆಳಗೆ ಬಾಳಬೇಕು. ಅದೊಂದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಸಭೆ ಮುಗಿದು ಹತ್ತು ನಿಮಿಷಕ್ಕೆ ಅವನು ಮೇಡಂ ಕೋಣೆಯೊಳಗೆ ಹೋಗಿ ನಿಂತಿದ್ದ. ಪಶ್ಚಾತ್ತಾಪದಿಂದ ಹೋದ ಎಂದು ಆಮೇಲೆ ಜನ ಹೇಳಿದರು. ಅದು ಪೂರ್ತಿ ನಿಜವಲ್ಲ. ಹೊಟ್ಟೆಕಿಚ್ಚೇ ಅವನನ್ನು ಅಲ್ಲಿಯವರೆಗೆ ನೂಕಿಕೊಂಡು ಹೋಗಿತ್ತು.

"ಪಟ್ಟಿ ನನಗೆ ತೋರಿಸಿದ್ದ ಮೇಡಂ. ಇಪ್ಪತ್ಮೂರನೇ ಸಾಲು ನೋಡಿದೆ. ನೋಡಿಯೇ ಗುರುತು ಹಾಕಿದೆ."

"ನೋಡಿಯೇ?"

"ಹೌದು."

"ಯಾಕೆ?"

ಸುಳ್ಳು ಹೇಳಲು ಹತ್ತು ಕಾರಣ ನಾಲಿಗೆಯ ತುದಿಯಲ್ಲಿದ್ದವು. "ಹೊಟ್ಟೆಕಿಚ್ಚು ಮೇಡಂ," ಎಂದ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಜೆ ಕೇಳೋಕೆ, ತಡ ಮಾಡಿದ್ದಕ್ಕೆ, ಜನ ನನ್ನ ಮುಂದೆ ಏನೇನೋ ಕಾರಣ ಹೇಳಿದಾರೆ. ಇದನ್ನ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ." ಆಮೇಲೆ, "ನಾಳೆಯಿಂದ ಕಚೇರಿಗೆ ಬರಬೇಡಿ," ಎಂದರು. ಅವನು ಬಾಗಿಲಿನ ಕಡೆ ತಿರುಗಿದ. "ಕಟ್ಟಡದ ಹತ್ರ ಹೋಗಿ. ಕೊನೇ ಬಾಗಿಲು ಕೂರೋವರೆಗೂ ಅಲ್ಲೇ ಇರಿ. ಆರುನೂರ ಹನ್ನೆರಡನ್ನೂ ಕೈಯಿಂದ ಮುಟ್ಟಿ ನೋಡಿ."

ಹೊರಗೆ ಮೆಟ್ಟಿಲಿನ ತಿರುವಿನಲ್ಲಿ ಷಡ್ಡಕ ಸಿಕ್ಕಿದ. ಸುದ್ದಿ ಆಗಲೇ ತಲುಪಿತ್ತು. ಮೊಳೆಯಣ್ಣ ಅವನ ಮುಖದಲ್ಲಿ ಆ ಸಣ್ಣ ನಗೆಯನ್ನು ಹುಡುಕಿದ. ಅದು ಇರಲಿಲ್ಲ.

"ಕಣ್ತಪ್ಪಿನಿಂದ ಆಗಿರುತ್ತೆ ಅಂದ್ಕೊಂಡಿದ್ದೆ ನಾನು," ಎಂದ ಷಡ್ಡಕ. "ವಯಸ್ಸಾಯ್ತು, ದಣಿದಿದಾರೆ ಅಂತ. ಅದಕ್ಕೇ ಬಾಯಿ ಬಿಡಲಿಲ್ಲ. ನೀವು ನೋಡಿದ್ರಾ?"

"ನೋಡಿದ್ದೆ."

"ಆ ಬಾಗಿಲಿನ ಆಚೆ ಚೀಟಿ ಬರೆಯೋಕೆ ಒಬ್ಬಳು ಹುಡುಗಿ ದಿನವಿಡೀ ಕೂತಿರ್ತಾಳೆ. ನಮ್ಮ ಮಾಡೆಲ್ಲಲ್ಲೇ ಅವಳ ಮೇಜಿದೆ. ಅದರ ಖಾನೆಗೆ ಬೀಗ ಕೂಡ ನೀವೇ ಬರೆದಿದೀರಿ." ಅವನ ದನಿ ಒಡೆಯಿತು. "ನನ್ನ ಮೇಲೆ ಸಿಟ್ಟಿದ್ರೆ ಕರೆದು ಬೈಯಬಹುದಿತ್ತಲ್ಲ."

ಈ ಸಲ 'ಅಣ್ಣ' ಎಂಬ ಮಾತು ಬರಲಿಲ್ಲ. ಅವನು ಮೆಟ್ಟಿಲಿಳಿದು ಹೋದ.

ವಿಷಯ ಮನೆಗಳಿಗೂ ಮುಟ್ಟಿತು. ಅಕ್ಕತಂಗಿಯರ ಫೋನು ನಿಂತಿತು. ಭಾನುವಾರ ಮಾವನ ಮನೆಯಲ್ಲಿ ಇವರು ಹೋದ ದಿನ ಅವರು ಬರುತ್ತಿರಲಿಲ್ಲ. ಹೆಂಡತಿ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಬಟ್ಟೆ ಮಡಚುತ್ತ, "ಚಿಕ್ಕವರಿದ್ದಾಗ ಅಪ್ಪ ತಂಗಿಯ ಟೈಪಿಂಗನ್ನೇ ಹೊಗಳ್ತಿದ್ರು," ಎಂದಳು. "ನಾನೂ ಒಂದಿನ ಅವಳ ಯಂತ್ರದ ರಿಬ್ಬನ್ ಕತ್ತರಿಸಿದ್ದೆ. ಆಗ ನಂಗೆ ಹನ್ನೊಂದು ವರ್ಷ." ಮಡಚಿದ ಅಂಗಿಯನ್ನು ಅವನ ಕೈಗಿಟ್ಟು, "ನಿಮಗೆ ಐವತ್ತೊಂದು," ಎಂದಳು.

ಕಟ್ಟಡದ ಬಳಿ ಧೂಳು, ಸಿಮೆಂಟಿನ ವಾಸನೆ, ಏಣಿಗಳು. ಇಪ್ಪತ್ತಾರು ವರ್ಷದಲ್ಲಿ ಮೊಳೆಯಣ್ಣ ತನ್ನದೊಂದು ಬಾಗಿಲು ಗೋಡೆಗೆ ಕೂರುವುದನ್ನು ನೋಡಿದ್ದು ಅದೇ ಮೊದಲು. ಅಲ್ಲಿನ ಮೇಸ್ತ್ರಿ ಗಟ್ಟಿಗ. ಸಿಮೆಂಟು ಮೆತ್ತಿದ ಹಳೆಯ ಲ್ಯಾಪ್‌ಟಾಪನ್ನು ಇಟ್ಟಿಗೆಯ ಮೇಲಿಟ್ಟುಕೊಂಡು ಮಾಡೆಲ್ ತೆರೆಯುತ್ತಿದ್ದ. ಎರಡೂವರೆ ನಿಮಿಷದಲ್ಲಿ ಆಸ್ಪತ್ರೆ ಎದ್ದು ನಿಲ್ಲುತ್ತಿತ್ತು. ಬೆರಳಿನಿಂದ ತಿರುಗಿಸಿ, ಕೊಳಾಯಿ ಎಲ್ಲಿ ಹಾಯುತ್ತದೆ, ಗೋಡೆ ಎಲ್ಲಿ ಕೊರೆಯಬೇಕು ಎಂದು ಕೆಲಸದವರಿಗೆ ತೋರಿಸುತ್ತಿದ್ದ.

"ಮೊದಲಿನ ಫೈಲು ಹೇಗಿತ್ತು?" ಎಂದು ಮೊಳೆಯಣ್ಣ ಕೇಳಿದ. ಕೇಳಬಾರದಿತ್ತು.

"ಯಾವುದು, ಆ ಗಜ ಗಾತ್ರದ್ದಾ? ನಮ್ಮ ಡಬ್ಬೀಲಿ ಅದು ಒಂದು ಸಲನೂ ತೆರೀಲಿಲ್ಲ ಸಾರ್. ಯಾವುದೋ ಹಳೇ ಕಾಗದ ನೋಡ್ಕೊಂಡು ಕಟ್ತಿದ್ವಿ. ಎರಡು ಗೋಡೆ ಕಟ್ಟಿ ಒಡೆದೂ ಆಯ್ತು. ಇದನ್ನ ಸಣ್ಣ ಮಾಡಿದವರು ಯಾರೋ, ಅವರ ಕೈಗೆ ದೊಡ್ಡ ನಮಸ್ಕಾರ."

ಮೊಳೆಯಣ್ಣ ಒಂದು ಮರದ ದಿಮ್ಮಿಯ ಮೇಲೆ ಕೂತುಬಿಟ್ಟ. ತನ್ನ ಹನ್ನೊಂದು ಸಾವಿರ ಮೊಳೆಗಳನ್ನು ಇಲ್ಲಿ ಯಾರೂ, ಒಂದು ದಿನವೂ, ನೋಡಿಯೇ ಇರಲಿಲ್ಲ. ಮತ್ತೆ ಹೊಟ್ಟೆ ಉರಿಯಿತು. ಆದರೆ ಈ ಉರಿಯ ರುಚಿ ಬೇರೆಯಾಗಿತ್ತು. ಷಡ್ಡಕನಿಗೆ ಸಿಕ್ಕ ಹೊಗಳಿಕೆ ತನಗೆ ಸಿಗಲಿಲ್ಲವಲ್ಲ ಎಂಬುದಲ್ಲ, ಇದನ್ನು ನಾನು ಮಾಡಬೇಕಿತ್ತು ಎಂಬುದು.

ಬಾಗಿಲುಗಳು ಬರತೊಡಗಿದವು. ಕೈಯಿಂದ ಮುಟ್ಟಿ ನೋಡುತ್ತ ಹೋದಂತೆ ಅವನಿಗೆ ಕಾಣಿಸಿತು: ಮಾಡೆಲ್ಲು ಹಗುರವಾಗುವಾಗ ಒಂದಿಷ್ಟು ತಿಳಿವಳಿಕೆಯೂ ಜೊತೆಗೆ ಉದುರಿಹೋಗಿತ್ತು. ಸೀಸದ ಬಾಗಿಲು ಭಾರ, ಅದಕ್ಕೆ ಮೂರು ಕೀಲು ಸಾಲದು, ನಾಲ್ಕು ಬೇಕು. ಮಂಚ ತಳ್ಳಿಕೊಂಡು ಹೋಗುವ ಬಾಗಿಲಿಗೆ ಕೆಳಗೆ ಲೋಹದ ತಗಡು ಬೇಕು. ಇವನ್ನು ಆಕಾರವಾಗಿ ಬರೆಯಬೇಕಾಗಿರಲಿಲ್ಲ. ಬಾಗಿಲಿನ ವಿವರದಲ್ಲಿ ಎರಡು ಮಾತು ಬರೆದಿಟ್ಟರೆ ಸಾಕು. ಮಾತಿಗೆ ಭಾರವಿಲ್ಲ. ಅವನು ಒಂದು ಸಂಜೆ, ಮೇಸ್ತ್ರಿಯ ಲ್ಯಾಪ್‌ಟಾಪಿನಿಂದ, ಹನ್ನೊಂದು ಬಾಗಿಲುಗಳ ಪಟ್ಟಿಯನ್ನು ಷಡ್ಡಕನಿಗೆ ಕಳಿಸಿದ. ಕ್ಷಮಿಸು ಎಂದು ಬರೆದು, ಅಳಿಸಿ, ಬರಿಯ ಪಟ್ಟಿಯನ್ನೇ ಕಳಿಸಿದ.

ಮರುದಿನ ಉತ್ತರ ಬಂತು. 'ಸೇರಿಸಿದೆ.' ಅಷ್ಟೇ.

ಎರಡು ದಿನಕ್ಕೊಂದು ಪಟ್ಟಿ ಹೋಗತೊಡಗಿತು. 'ಸೇರಿಸಿದೆ.' 'ಸೇರಿಸಿದೆ.' ಒಮ್ಮೆ, 'ಇದು ಬೇಡ, ಮೊದಲೇ ಇದೆ.' ಮೊಳೆಯಣ್ಣ ಪರಿಶೀಲಿಸಿದ. ಮೊದಲೇ ಇತ್ತು. ಹಲ್ಲು ಕಚ್ಚಿ ಒಪ್ಪಿಕೊಂಡ. ಹೀಗೆ ನಾಲ್ಕು ತಿಂಗಳು. ನೂರ ಎಂಬತ್ತು ತಿದ್ದುಪಡಿ ಸೇರಿದರೂ ಫೈಲು ಮೂರು ಎಂಬಿಯಷ್ಟು ಮಾತ್ರ ಬೆಳೆದಿತ್ತು.

ಐದು ಸೀಸದ ಬಾಗಿಲುಗಳು ಬಂದ ದಿನ ಒಂದೊಂದನ್ನು ಎತ್ತಲು ಆರಾರು ಜನ ಬೇಕಾಯಿತು. ಹಿರಿಯ ಬಡಗಿ ತಾನೇ ಬಂದು ನಾಲ್ಕನೆಯ ಕೀಲು ಕೂರಿಸಿದ. ಮೊಳೆಯಣ್ಣ ಪಕ್ಕದಲ್ಲಿ ನಿಂತು ಒಂದೊಂದು ತಿರುಪನ್ನೂ ನೋಡಿದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವನು ಫೋಟೋ ತೆಗೆದು ಕಳಿಸಿದ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಬಂತು: 'ಚೆನ್ನಾಗಿ ಕೂತಿದೆ ಅಣ್ಣ.'

ಆ ಕೊನೆಯ ಮಾತನ್ನು ಮೊಳೆಯಣ್ಣ ಎಷ್ಟು ಸಲ ಓದಿದನೆಂದರೆ, "ಮನೆಯಿಂದ ಏನಾದ್ರೂ ಸುದ್ದಿನಾ ಸಾರ್?" ಎಂದು ಮೇಸ್ತ್ರಿ ಕೇಳಬೇಕಾಯಿತು. "ಹೂಂ, ಮನೆಯಿಂದಲೇ," ಎಂದ ಇವನು.

ಆಸ್ಪತ್ರೆ ಮುಗಿದ ಮೇಲೆ ಮೇಡಂ ಅವನನ್ನು ಕಚೇರಿಗೆ ಮರಳಿ ಕರೆಸಿಕೊಂಡರು. ಈಗ ಅವನು ಷಡ್ಡಕನ ಕೈಕೆಳಗಿನವನು. ಬಾಗಿಲಿನ ಆಕಾರ ಎಷ್ಟಿರಬೇಕು, ಮಾತು ಎಷ್ಟಿರಬೇಕು ಎಂದು ಇಬ್ಬರೂ ಕೂತು ವಾದ ಮಾಡುತ್ತಾರೆ, ಕೆಲವು ಸಲ ಹಲ್ಲಿನ ಡಾಕ್ಟರಿಗೆ ಕೇಳುವಷ್ಟು ಗಟ್ಟಿಯಾಗಿ. ಅಕ್ಕತಂಗಿಯರ ಫೋನೂ ಶುರುವಾಗಿದೆ. ನಾದಿನಿ ಮಾತ್ರ ಇನ್ನೂ ಭಾವನ ಮುಖ ನೋಡಿ ಮೊದಲಿನಂತೆ ನಗುವುದಿಲ್ಲ. ಅದಕ್ಕೆ ಕಾಲ ಬೇಕು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ವಾರಕ್ಕೊಮ್ಮೆಯಾದರೂ ಏಳುತ್ತದೆ. ಈಗ ಅದನ್ನು ಅವನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ, ತಲೆನೋವು ಬಂತು ಎಂದು ಹೇಳುವ ಹಾಗೆ.

"ಇವತ್ತು ಉರೀತು ಕಣೆ," ಎಂದ ಮೊನ್ನೆ, ಬಂದು ಶೂ ಬಿಚ್ಚುತ್ತ.

"ಯಾರ ಮೇಲೆ? ನನ್ನ ತಂಗಿ ಗಂಡನ ಮೇಲೇ ತಾನೆ?"

"ಹೊಸದಾಗಿ ಬಂದಿದೆಯಲ್ಲ, ಆ ಶಾಲೆಯ ಮಾಡೆಲ್ಲು. ತೊಂಬತ್ತು ಎಂಬಿಗೆ ತಂದು ನಿಲ್ಲಿಸಿದಾನೆ. ಒಂದು ತಪ್ಪು ಸಿಗುತ್ತಾ ಅಂತ ಬೆಳಗ್ಗೆಯಿಂದ ಹುಡುಕಿದೆ. ಸಿಗಲಿಲ್ಲ."

"ಚೆನ್ನಾಗಿದೆ ಅಂತ ಅವರಿಗೆ ಹೇಳಿದ್ರಾ?"

"ನಾಳೆ ಹೇಳ್ತೀನಿ."

"ಹೋದ ವಾರನೂ ನಾಳೆ ಅಂದ್ರಿ." ಅವಳು ತನ್ನ ಫೋನಿನಲ್ಲಿ ತಂಗಿಯ ಮನೆಯ ನಂಬರು ಒತ್ತಿ ಅವನ ಕೈಗೆ ಕೊಟ್ಟಳು. ಒಂದು ಕಾಲಿನಲ್ಲಿ ಶೂ, ಒಂದು ಕಾಲು ಬರಿದು. ಅವನು ಹಾಗೆಯೇ ನಿಂತು ಗಂಟಲು ಸರಿಮಾಡಿಕೊಂಡ. ಅತ್ತ ಕಡೆ ಫೋನು ರಿಂಗಾಗತೊಡಗಿತು.